ಬೆಳೆಯೋ ರಂಗ ಮತ್ತು ಬೆಳೆದ ಮಕ್ಕಳು



ಉಪನ್ಯಾಸ ಮಾಲೆಯ ಈ ತಿಂಗಳ ಮಾತಿಗೆ ನಮ್ಮ ಸಂಘದವರು ಕೊಟ್ಟ ವಿಷಯ ಮಾಗಡಿ ಸೀಮೆಯ ಐತಿಹ್ಯಗಳು. ಕೆಂಪೇಗೌಡರ ವಂಶದವರು 1638ರಲ್ಲಿ ಬೆಂಗಳೂರು ಕೈತಪ್ಪಿ ಇಲ್ಲಿಗೆ ಬಂದು ನೆಲೆನಿಂತದ್ದು, 1728ರಲ್ಲಿ ಮೈಸೂರಿನವರು ಮಾಗಡಿ ಗೆದ್ದದ್ದು, 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ದಂಡು ಸಾವನದುರ್ಗ ಹತ್ತಿದ್ದು, ಇದೆಲ್ಲ ನಿಮಗೆ ಬಾಯಿಪಾಠ. ಅದನ್ನು ಮತ್ತೆ ಹೇಳಿ ನಿಮ್ಮ ಸಂಜೆ ಕಳೆಯುವುದಿಲ್ಲ. ನಾನು ಒಂದೇ ಒಂದು ಐತಿಹ್ಯ ಹಿಡಿದು ಬಂದಿದ್ದೇನೆ. ಅದರ ಬಗ್ಗೆ ಮೂವತ್ತು ವರ್ಷದಿಂದ ನನಗೂ ನನ್ನ ಗೆಳೆಯರೊಬ್ಬರಿಗೂ ವ್ಯಾಜ್ಯ ನಡೆದಿದೆ. ಅವರು ಇದೇ ಸಭೆಯಲ್ಲಿ ಕೂತಿದ್ದಾರೆ. ಹೆಸರು ಹೇಳುವುದಿಲ್ಲ, ಕೊನೆಗೆ ಅವರೇ ಎದ್ದು ನಿಲ್ಲುತ್ತಾರೆ.

ಮಾಗಡಿಯ ತಿರುಮಲೆಯಲ್ಲಿರುವ ನಮ್ಮ ರಂಗನಾಥಸ್ವಾಮಿ ದೇವಸ್ಥಾನದಲ್ಲಿ ಒಂದು ಪುಟ್ಟ ಮೂರ್ತಿ ಇದೆ. ಬೆಳೆಯೋ ರಂಗ. ವರ್ಷ ವರ್ಷ ಬೆಳೆಯುತ್ತಾನೆ ಎಂದು ನಮ್ಮ ಅಜ್ಜಿಯರು ಹೇಳಿದರು, ಅವರಿಗೆ ಅವರ ಅಜ್ಜಿಯರು ಹೇಳಿದ್ದರು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಇದನ್ನು ನಂಬಿದ್ದೆ ಅನ್ನುವುದಕ್ಕಿಂತ, ಸಾಧಿಸಿ ತೋರಿಸಿದ್ದೆ ಅನ್ನಬೇಕು. ನನ್ನ ಲೆಕ್ಕ ಹೀಗಿತ್ತು: ಹೋದ ವರ್ಷ ಜಾತ್ರೆಯಲ್ಲಿ ಅವ್ವನ ಸೆರಗು ಹಿಡಿದು ನೋಡಿದಾಗ ರಂಗ ಇಷ್ಟು ಕಂಡಿದ್ದ. ಈ ವರ್ಷ ನಾನು ಎರಡು ಬೆರಳು ಎತ್ತರವಾಗಿದ್ದೇನೆ, ಹೋದ ವರ್ಷದ ಅಂಗಿ ಬಿಗಿಯಾಗಿದೆ. ರಂಗ ಹಾಗೇ ಇದ್ದಿದ್ದರೆ ನನ್ನ ಕಣ್ಣಿಗೆ ಚಿಕ್ಕದಾಗಿ ಕಾಣಬೇಕಿತ್ತು. ಅಷ್ಟೇ ಕಾಣುತ್ತಾನೆ. ಅಂದ ಮೇಲೆ ಅವನೂ ಎರಡು ಬೆರಳು ಬೆಳೆದಿದ್ದಾನೆ.

ಈ ಲೆಕ್ಕವನ್ನು ಕ್ಲಾಸಿನಲ್ಲಿ ಎದ್ದು ನಿಂತು ಒಪ್ಪಿಸಿದೆ. ನಮ್ಮ ಲೆಕ್ಕದ ಮೇಷ್ಟ್ರು ಖಾದಿ ಜುಬ್ಬದವರು, ಬೆತ್ತ ಹಿಡಿದವರಲ್ಲ. ಅವರು ನಗಲಿಲ್ಲ. ಅದಕ್ಕಾಗಿ ಇವತ್ತಿಗೂ ಅವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ‘ಅಳೆದುಬಿಡೋಣ’ ಅಂದರು. ದೇವರಿಗೆ ದಾರ ಹಿಡಿದು ಅಳೆಯುವುದಕ್ಕೆ ಯಾರು ಬಿಡುತ್ತಾರೆ? ಹಾಗಾಗಿ ಒಬ್ಬೊಬ್ಬರನ್ನೂ ಶಾಲೆಯ ಗೋಡೆಗೆ ಒರಗಿಸಿ, ತಲೆಯ ಮೇಲೆ ಸ್ಲೇಟು ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಹಾಕಿದರು. ಪಕ್ಕದಲ್ಲಿ ಹೆಸರು, ತಾರೀಕು. ‘ಮುಂದಿನ ಚೈತ್ರಕ್ಕೆ ಮತ್ತೆ ನಿಲ್ಲಿ. ನೀವೆಷ್ಟು ಬೆಳೆದಿದ್ದೀರಿ ಅಂತ ಮೊದಲು ತಿಳಿದುಕೊಳ್ಳಿ, ರಂಗನ ಲೆಕ್ಕ ಆಮೇಲೆ ನೋಡಿಕೊಳ್ಳೋಣ.’

ಆ ಆಮೇಲೆ ಬರಲೇ ಇಲ್ಲ. ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತು. ಗೋಡೆಗೆ ಸುಣ್ಣ ಹೊಡೆದರು. ಓದು, ಕೆಲಸ ಎಂದು ಒಂಬತ್ತು ವರ್ಷ ಊರಾಚೆ ಇದ್ದು ನಾನು ಮತ್ತೆ ತಿರುಮಲೆಗೆ ಹೋದಾಗ ಬೆಳೆಯೋ ರಂಗ ಚಿಕ್ಕವನಾಗಿ ಕಂಡ. ತೀರ ಚಿಕ್ಕವನು. ಪಕ್ಕದಲ್ಲಿ ಅವ್ವ ಕೈಮುಗಿದು ನಿಂತಿದ್ದಳು. ‘ನೋಡ್ದಾ, ಎಷ್ಟ್ ಬೆಳ್ದವ್ನೆ’ ಅಂದಳು. ನನ್ನ ಬಾಯಿಂದ ಬಂದ ಮಾತು ‘ಹೂಂ ಕಣವ್ವ, ಬೆಳ್ದವ್ನೆ.’

ನನ್ನ ಇಡೀ ಉಪನ್ಯಾಸ ಆ ‘ಹೂಂ’ ಬಗ್ಗೆ.

ಆ ‘ಹೂಂ’ಗೆ ಎದುರಾಗಿ ಬೆಂಗಳೂರಿನ ಬಸವನಗುಡಿಯ ಕಥೆ ನೆನಪು ಮಾಡಿಕೊಳ್ಳಿ. ರೈತರ ಕಡಲೆಕಾಯಿ ಹೊಲಕ್ಕೆ ರಾತ್ರಿ ಹೊತ್ತು ಒಂದು ಬಸವ ನುಗ್ಗುತ್ತಿತ್ತು, ಅದು ಕಲ್ಲಾಯಿತು, ಕಲ್ಲಾದ ಮೇಲೂ ಬೆಳೆಯುತ್ತಲೇ ಇತ್ತು, ಕೊನೆಗೆ ಜನ ಹೆದರಿ ತಲೆಯ ಮೇಲೆ ತ್ರಿಶೂಲ ನೆಟ್ಟರು, ಬೆಳವಣಿಗೆ ನಿಂತಿತು. ಹದಿನೈದು ಅಡಿ ಎತ್ತರ, ಇಪ್ಪತ್ತು ಅಡಿ ಉದ್ದಕ್ಕೆ ನಿಂತ ಆ ಬಸವನ ಗುಡಿಯನ್ನು ಕಟ್ಟಿಸಿದ್ದು ಕೆಂಪೇಗೌಡರು. ಅದೇ ಕೆಂಪೇಗೌಡರ ವಂಶದವರು ಆಳಿದ ಮಾಗಡಿಯಲ್ಲಿ ರಂಗನ ತಲೆಯ ಮೇಲೆ ಯಾರೂ ಏನನ್ನೂ ನೆಡಲಿಲ್ಲ. ಅಲ್ಲಿ ನಿಲ್ಲಿಸಿದರು, ಇಲ್ಲಿ ಬೆಳೆಯಲು ಬಿಟ್ಟರು. ಎರಡು ಕಥೆಗಳ ನಡುವಿನ ಈ ವ್ಯತ್ಯಾಸವನ್ನು ನಮ್ಮ ಜಾನಪದದವರು ಯಾಕೆ ಗಮನಿಸಲಿಲ್ಲವೋ ಕಾಣೆ. ನನ್ನ ಮಟ್ಟಿಗೆ, ಒಂದು ಮಗುವಿನ ನಂಬಿಕೆಯ ಮುಂದೆ ದೊಡ್ಡವರು ಮಾಡಬಹುದಾದ ಎರಡೂ ಕೆಲಸ ಇದರಲ್ಲಿವೆ.

ನನ್ನ ಗೆಳೆಯರದು ತ್ರಿಶೂಲದ ಪಕ್ಷ. ಅವರು ನ್ಯಾಷನಲ್ ಕಾಲೇಜಿನಲ್ಲಿ ಓದಿದವರು, ಎಚ್. ನರಸಿಂಹಯ್ಯನವರನ್ನು ಹತ್ತಿರದಿಂದ ಕಂಡವರು. ಗೌರಿಬಿದನೂರಿನ ಹೊಸೂರಿನಿಂದ ಬಂದು, ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟು ಪಡೆದು, ಹಾಸ್ಟೆಲಿನ ಕೋಣೆಯಲ್ಲೇ ಬದುಕು ಕಳೆದ ಎಚ್ಚೆನ್ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಒಂದು ಸಮಿತಿಯನ್ನೇ ಮಾಡಿದರು. ನಾನೂ ಬೆಂಗಳೂರು ವಿಜ್ಞಾನ ವೇದಿಕೆಯಲ್ಲಿ ಅವರ ಮಾತು ಕೇಳಿದ್ದೇನೆ. ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ ಎಂಬುದನ್ನು ಅವರಷ್ಟು ನೇರವಾಗಿ ಕನ್ನಡದಲ್ಲಿ ಹೇಳಿದವರು ಕಡಿಮೆ. ಗೆಳೆಯರ ವಾದ ಅಲ್ಲಿಂದ ಬಂದದ್ದು: ‘ಗೊತ್ತಿದ್ದೂ ಹೇಳಿದ ಸುಳ್ಳು ಸುಳ್ಳೇ. ಆರು ವರ್ಷದವನಿಗೆ ಹೇಳಿದರೂ ಅಷ್ಟೆ, ಅರವತ್ತರ ಮುದುಕಿಗೆ ಹೇಳಿದರೂ ಅಷ್ಟೆ. ನಿಮ್ಮವ್ವನಿಗೆ ನೀವು ಸುಳ್ಳು ಹೇಳಿದಿರಿ.’

ಅವರಿಗೆ ನಾನು ಮೊದಲು ಕೊಟ್ಟ ಉತ್ತರ ನವಿಲುಗರಿ.

ಈ ಸಭೆಯಲ್ಲಿ ಪುಸ್ತಕದೊಳಗೆ ನವಿಲುಗರಿ ಇಟ್ಟು ಮರಿ ಹಾಕಲೆಂದು ಕಾಯದವರು ಇದ್ದರೆ ಕೈ ಎತ್ತಿ. ಸಾವನದುರ್ಗದ ಕಾಡಂಚಿನ ಹುಡುಗರು ಗರಿ ತರುತ್ತಿದ್ದರು, ನಾವು ಒಂದು ಬಳಪ ಕೊಟ್ಟು ಒಂದೆಳೆ ಕೊಳ್ಳುತ್ತಿದ್ದೆವು. ನಮ್ಮ ಶಾಲೆಯಲ್ಲಿ ಅದಕ್ಕೆ ಮೇವು ಪೆನ್ಸಿಲ್ ಹೊಟ್ಟು. ಪಕ್ಕದ ಹಳ್ಳಿಯಲ್ಲಿ ಈಚಲುಗರಿಯ ಚೂರು. ಕೆಲವರು ಅಕ್ಕಿಕಾಳು ಇಡುತ್ತಿದ್ದರು. ಆಕಾಶ ತೋರಿಸಬಾರದು, ಪದೇ ಪದೇ ಪುಸ್ತಕ ತೆಗೆಯಬಾರದು. ಈಗ ನೋಡಿ: ಗುಮ್ಮನನ್ನು ಕರೆಯುವವಳು ಅವ್ವ. ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯಲು ಹೇಳಿಕೊಡುವವಳು ಅಜ್ಜಿ. ನವಿಲುಗರಿ ಮರಿ ಹಾಕುತ್ತದೆ ಎಂದು ನಿಮಗೆ ಯಾವ ದೊಡ್ಡವರೂ ಹೇಳಲಿಲ್ಲ. ಐದನೇ ಕ್ಲಾಸಿನವರು ಎರಡನೇ ಕ್ಲಾಸಿನವರಿಗೆ ಹೇಳಿದರು. ದೊಡ್ಡವರ ಕೈವಾಡ ಚೂರೂ ಇಲ್ಲದೆ, ಒಂದು ಅಕ್ಷರ ಬರೆದಿಡದೆ, ಈ ಮಾತು ತಲೆಮಾರಿಂದ ತಲೆಮಾರಿಗೆ ದಾಟಿದೆ. ಅದನ್ನು ದಾಟಿಸಿದ್ದು ಬರೀ ಮಕ್ಕಳು.

ಆದರೆ ಐದನೇ ಕ್ಲಾಸಿನ ಹುಡುಗಿಗೆ ನಿಜ ಗೊತ್ತಿತ್ತು. ಮೂರು ವರ್ಷ ಕಾದು, ಗರಿಯ ಎಳೆ ಉದುರಿ ಎರಡು ಚೂರಾದದ್ದನ್ನು ಕಂಡವಳು ಅವಳು. ಆದರೂ ಎರಡನೇ ಕ್ಲಾಸಿನವನ ಗರಿಯನ್ನು ನೋಡಿ, ಆಣೆ ಇಟ್ಟು, ‘ನಿಂದು ಇನ್ನೇನು ಹಾಕ್ತದೆ, ಹೊಟ್ಟೆ ದಪ್ಪ ಆಗೈತೆ’ ಅನ್ನುತ್ತಾಳೆ. ಇದನ್ನು ಸುಳ್ಳು ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ತಾನು ನಂಬುವುದನ್ನು ಬಿಟ್ಟ ದಿನದಿಂದ ಅವಳು ಆ ನಂಬಿಕೆಗೆ ಕಾವಲು ನಿಂತಳು. ನಾನೂ ಹಾಗೆಯೇ ಮಾಡಿದವನು. ನಮ್ಮೂರ ಹಬ್ಬದಲ್ಲಿ ಮುಖವಾಡ ಹೊತ್ತ ಸೋಮ ಕುಣಿಯುವಾಗ ಆ ಬಿರಿದ ಕಣ್ಣಿನ ಮೊಗ ಕಂಡು ನಾನು ಕಂಬದ ಹಿಂದೆ ಅಡಗುತ್ತಿದ್ದೆ. ಒಂದು ವರ್ಷ ಸೋಮನ ಕಾಲು ನೋಡಿದೆ. ನಮ್ಮ ಪಕ್ಕದ ಮನೆಯವರ ಕಾಲು, ಹೆಬ್ಬೆರಳಿಗೆ ಕೊಡಲಿ ಬಿದ್ದ ಗುರುತು. ಅವತ್ತೇ ರಾತ್ರಿ ತಮ್ಮನಿಗೆ ‘ಸೋಮ ನಿನ್ನನ್ನೇ ಕೇಳ್ದ’ ಅಂದವನು ನಾನು. ದೊಡ್ಡವನಾಗುವುದು ಅಂದರೆ ನಂಬಿಕೆ ಕಳೆದುಕೊಳ್ಳುವುದು ಎಂದು ಪುಸ್ತಕಗಳು ಹೇಳುತ್ತವೆ. ನಾನು ಕಂಡ ಮಟ್ಟಿಗೆ, ನಂಬುವವರ ಸಾಲಿನಿಂದ ಎದ್ದು ಕಾಯುವವರ ಸಾಲಿಗೆ ಹೋಗಿ ಕೂರುವುದು.

ಬಹಳ ದಿನ ಇದನ್ನೇ ನನ್ನ ಗೆಲುವೆಂದು ತಿಳಿದಿದ್ದೆ. ಅದನ್ನು ಅಲ್ಲಾಡಿಸಿದ್ದು ‘ನಾಳೆ ಬಾ’.

1990ರ ದಶಕದ ಆ ದಿನಗಳು ನಡುವಯಸ್ಸಿನವರಿಗೆಲ್ಲ ನೆನಪಿವೆ. ರಾತ್ರಿ ಒಂದು ಹೆಂಗಸಿನ ದೆವ್ವ ಬಂದು ಬಾಗಿಲು ತಟ್ಟುತ್ತದೆ, ನಿಮಗೆ ಬೇಕಾದವರ ದನಿಯಲ್ಲೇ ಕರೆಯುತ್ತದೆ, ತೆಗೆದರೆ ಉಳಿಗಾಲವಿಲ್ಲ. ಓದಿ ದೆವ್ವ ಹಿಂದಿರುಗಲೆಂದು ಬೆಂಗಳೂರಿನಿಂದ ಹಳ್ಳಿಗಳವರೆಗೆ ಬಾಗಿಲು, ಗೋಡೆಗಳ ಮೇಲೆ ‘ನಾಳೆ ಬಾ’ ಕಾಣಿಸಿಕೊಂಡಿತು. ಇದನ್ನು ಮಕ್ಕಳು ಹಬ್ಬಿಸಲಿಲ್ಲ. ಮೀಸೆ ಬಂದವರು, ಸಂಬಳ ಎಣಿಸುವವರು ಬರೆದರು. 2018ರಲ್ಲಿ ಇದೇ ಕಥೆಯ ಎಳೆ ಹಿಂದಿ ಸಿನಿಮಾ ‘ಸ್ತ್ರೀ’ಯಲ್ಲಿ ಬಂತು, ಜನ ನಕ್ಕು ಬಂದರು. ತೊಂಬತ್ತರ ಆ ದಿನಗಳಲ್ಲಿ ನಾವ್ಯಾರೂ ನಕ್ಕಿರಲಿಲ್ಲ.

ನಮ್ಮ ಮನೆಯ ಬಾಗಿಲ ಮೇಲೆ ಬರೆದವನು ನಾನು. ಮೂವತ್ತು ವರ್ಷದಲ್ಲಿ ಗೆಳೆಯರಿಗೂ ಇದನ್ನು ಹೇಳಿರಲಿಲ್ಲ, ಇವತ್ತು ಹೇಳುತ್ತಿದ್ದೇನೆ. ಅವ್ವ ಹೆದರಿದ್ದಳು, ಅವಳಿಗಾಗಿ ಬರೆದೆ ಅಂದುಕೊಂಡೆ. ಆದರೆ ರಾತ್ರಿ ಬರೆಯುವಾಗ ನನ್ನ ಕೈಯೂ ನಡುಗಿತ್ತು. ಮಗಳಿಗೆ ಆಗ ಎಂಟು ವರ್ಷ, ಕಾಗುಣಿತ ಮುಗಿಸಿ ಸಿಕ್ಕಿದ್ದನ್ನೆಲ್ಲ ಓದುವ ವಯಸ್ಸು. ಎರಡು ದಿನ ಆ ಬಾಗಿಲನ್ನೇ ನೋಡಿದಳು. ಮೂರನೇ ದಿನ ಕೇಳಿದಳು: ‘ಅಪ್ಪಾ, ಅದು ನಾಳೆ ಬಂದಾಗಲೂ ನಾಳೆ ಬಾ ಅಂತಲೇ ಇರ್ತದಲ್ಲ. ಒಂದು ದಿನವಾದರೂ ಅದಕ್ಕೆ ಗೊತ್ತಾಗೋದಿಲ್ವಾ?’ ನಾನು ಸುಮ್ಮನಿದ್ದೆ. ಅವಳೇ ಮುಂದುವರಿಸಿದಳು: ‘ಓದೋಕೆ ಬರೋ ದೆವ್ವಕ್ಕೆ ಅಷ್ಟೂ ತಿಳಿಯೋಲ್ವಾ? ಅದು ಇಲ್ಲ ಬಿಡಪ್ಪ.’

ಅವಳ ಭಯ ಅಲ್ಲಿಗೆ ಮುಗಿಯಿತು. ಯಾರೂ ತ್ರಿಶೂಲ ನೆಡಲಿಲ್ಲ. ಅಷ್ಟರಲ್ಲಿ ಮಳೆ ಬಂತು, ಸೀಮೆಸುಣ್ಣದ ಅಕ್ಷರ ಇಳಿದುಹೋಯಿತು. ಬೆಳಗ್ಗೆ ಎದ್ದು ನೋಡಿದರೆ ಮಗಳು ಮಣೆಯ ಮೇಲೆ ನಿಂತು, ತನ್ನ ದುಂಡು ಅಕ್ಷರದಲ್ಲಿ ಮತ್ತೆ ‘ನಾಳೆ ಬಾ’ ಬರೆಯುತ್ತಿದ್ದಳು. ಯಾಕಮ್ಮ ಅಂದೆ. ‘ಅಜ್ಜಿಗೆ ನಿದ್ದೆ ಬರೋಲ್ಲ’ ಅಂದಳು. ಒಂದು ಕ್ಷಣ ಬಿಟ್ಟು, ನನ್ನ ಮುಖ ನೋಡಿ, ‘ನಿಂಗೂ’ ಅಂದಳು.

ಇದೇ ನಾನು ಕಂಡುಕೊಂಡದ್ದು. ನಾವು ಮಕ್ಕಳ ನಂಬಿಕೆಯನ್ನು ಕಾಯುತ್ತಿದ್ದೇವೆ ಎಂದು ಭಾವಿಸಿರುವಾಗ, ನಮಗಿಂತ ಎಷ್ಟೋ ಮೊದಲೇ ನಿಜ ತಿಳಿದ ಮಕ್ಕಳು ನಮ್ಮನ್ನು ಕಾಯುತ್ತಿರುತ್ತವೆ.

ಆದರೆ ಕಾವಲಿನ ನನ್ನ ಮಾತನ್ನು ಗೆಳೆಯರು ಹಿಂದೆಯೇ ಒಪ್ಪಿರಲಿಲ್ಲ, ಮತ್ತು ಅವರ ಆ ಆಕ್ಷೇಪಕ್ಕೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ‘ಎಲ್ಲ ಕಥೆಗೂ ಕಾವಲು ನಿಲ್ಲುತ್ತೀರಾ?’ ಅಂದರು. ‘ಲಕ್ಷ್ಮೀದೇವಿಯ ಕಥೆಗೂ?’

ಬೆಂಗಳೂರು ಕೋಟೆಯ ಬಾಗಿಲು ಕಟ್ಟಿದಷ್ಟೂ ಬೀಳುತ್ತಿತ್ತು, ಗರ್ಭಿಣಿಯ ಬಲಿ ಬೇಕೆಂದರು, ಕೆಂಪೇಗೌಡರ ಸೊಸೆ ಲಕ್ಷ್ಮೀದೇವಿ ಯಾರಿಗೂ ಹೇಳದೆ ರಾತ್ರಿ ಹೋಗಿ ಪ್ರಾಣ ಕೊಟ್ಟಳು, ಬಾಗಿಲು ನಿಂತಿತು. ಅವಳ ಗುಡಿ ಕೋರಮಂಗಲದಲ್ಲಿದೆ. ಹುಡುಗನಾಗಿದ್ದಾಗ ಈ ಕಥೆಯಲ್ಲಿ ನನಗೆ ಕಂಡದ್ದು ರಾತ್ರೋರಾತ್ರಿ ತಾನಾಗಿ ಬೀಳುವ ಬಾಗಿಲು. ಅದೊಂದು ಮಾಯೆ, ಅದೊಂದು ರೋಮಾಂಚನ. ಹೆಂಡತಿ ಏಳು ತಿಂಗಳ ಬಸುರಿಯಾಗಿದ್ದಾಗ ಯಾವುದೋ ಸಭೆಯಲ್ಲಿ ಇದೇ ಕಥೆ ಮತ್ತೆ ಕೇಳಿದೆ. ಬಾಗಿಲು ಕಾಣಲಿಲ್ಲ, ಅವಳು ಕಂಡಳು. ಎದ್ದು ಹೊರಗೆ ಬಂದೆ. ಹಾಗೆಯೇ ಬಲಿಯಾದ ‘ಕೆರೆಗೆ ಹಾರ’ದ ಭಾಗೀರಥಿಯನ್ನೂ ಅವತ್ತಿನಿಂದ ಮಕ್ಕಳಿಗೆ ಮೊದಲಿನ ಹಾಗೆ ಪಾಠ ಮಾಡಲು ನನಗಾಗಲಿಲ್ಲ. ಈ ಕಥೆಗಳಿಗೆ ನಾನು ಕಾವಲು ನಿಲ್ಲಲಾರೆ. ಇಲ್ಲಿ ಗೆಳೆಯರೇ ಸರಿ. ಕೇಳಬೇಕು, ಎದ್ದು ನಿಂತು ಕೇಳಬೇಕು.

ಹಾಗಾದರೆ ಗೆರೆ ಎಲ್ಲಿ? ನವಿಲುಗರಿಗೆ ಹೂಂ ಅಂದವನು ಬಲಿಗೆ ಊಹೂಂ ಅನ್ನುವುದು ಯಾವ ಹಂತದಲ್ಲಿ? ಇನ್ನೊಬ್ಬರ ಜೀವ ಕೇಳಿದಾಗ ಎಂದು ಹೇಳಿಬಿಡಬಹುದು, ಸುಲಭ. ಆದರೆ ‘ನಾಳೆ ಬಾ’ ಯಾರ ಜೀವವನ್ನೂ ಕೇಳಲಿಲ್ಲ, ಆದರೂ ಆ ರಾತ್ರಿಗಳಲ್ಲಿ ಒಂಟಿಯಾಗಿ ಓಡಾಡುವ ಹೆಂಗಸನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ನನ್ನ ಬಾಗಿಲ ಮೇಲಿನ ಅಕ್ಷರವೂ ಅದರಲ್ಲಿ ಸೇರಿತ್ತಲ್ಲವೆ? ಅವ್ವನ ನಿದ್ದೆಗಾಗಿ ಬರೆದೆ ಎಂದರೆ ಅದು ಸಾಕೆ?

ಹೋದ ಚೈತ್ರದಲ್ಲಿ ಬೆಂಗಳೂರಿನಿಂದ ಮೊಮ್ಮಗ ಬಂದಿದ್ದ. ಏಳು ವರ್ಷ. ತಿರುಮಲೆಗೆ ಕರೆದುಕೊಂಡು ಹೋದೆ. ಬೆಳೆಯೋ ರಂಗನ ಮುಂದೆ ನಿಂತು, ‘ತಾತ, ಇದು ನಿಜವಾಗ್ಲೂ ಬೆಳೀತದಾ?’ ಅಂದ. ‘ಹೋದ ಸಲಕ್ಕಿಂತ ಸ್ವಲ್ಪ ದೊಡ್ಡದು ಅನ್ನಿಸ್ತದಪ್ಪ’ ಅಂದೆ. ಅವನು ರಂಗನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ, ‘ಹೂಂ ತಾತ, ದೊಡ್ಡದಾಗಿದೆ’ ಅಂದ. ಅವನು ನಂಬಿ ಅಂದನೋ, ನನಗಾಗಿ ಅಂದನೋ? ವರ್ಷ ಕಳೆಯುತ್ತಾ ಬಂದರೂ ಕೇಳುವ ಧೈರ್ಯ ನನಗೆ ಬಂದಿಲ್ಲ. ಮೇಷ್ಟ್ರು ಇದ್ದಿದ್ದರೆ ಏನು ಮಾಡುತ್ತಿದ್ದರು? ಅವನನ್ನು ಗೋಡೆಗೆ ಒರಗಿಸಿ ಗೆರೆ ಹಾಕುತ್ತಿದ್ದರೆ?

ನನ್ನ ಮಾತು ಇಷ್ಟೆ. ಈಗ ಗೆಳೆಯರು ಎದ್ದು ನಿಲ್ಲಲಿ. ಅವರ ಮಾತಾದ ಮೇಲೆ, ಹಿಂದಿನ ಸಾಲಿನಲ್ಲಿ ಕೂತಿರುವ ಹೈಸ್ಕೂಲು ಮಕ್ಕಳಲ್ಲಿ ಒಂದು ಕೋರಿಕೆ: ನಿಮ್ಮ ಶಾಲೆಯಲ್ಲಿ ನವಿಲುಗರಿಗೆ ಏನು ಮೇವು ಹಾಕುತ್ತಿದ್ದಿರಿ ಎಂದು ಈ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟು ಹೋಗಿ. ಹಳ್ಳಿಯ ಹೆಸರನ್ನೂ ಬರೆಯಿರಿ. ಈಗಲೂ ಪುಸ್ತಕದಲ್ಲಿ ಗರಿ ಇಟ್ಟವರು ಇದ್ದರೆ, ಅದನ್ನು ನನಗೆ ತೋರಿಸಬೇಡಿ.