ಫುಟ್ ಏಕೆ ಫೀಟ್ ಆಯಿತು?
(ಸಂಘದ ರಾತ್ರಿ ತರಗತಿಯ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೇ, ಹೋಟೆಲು ಹಾಗೂ ಗಿರಣಿಯ ಬಂಧುಗಳೇ,

ರಾತ್ರಿ ತರಗತಿಗೆ ಹೆಸರು ಕೊಟ್ಟವರು ಎರಡು ತಿಂಗಳಲ್ಲೇ ಇಂಗ್ಲಿಷನ್ನು ಬಿಟ್ಟುಬಿಡುವುದು ನಮಗೆಲ್ಲ ಗೊತ್ತಿರುವ ಮಾತು. ಕೇಳಿದರೆ ಪಾಳಿ ಎನ್ನುತ್ತಾರೆ, ನಿದ್ದೆ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಮನಸ್ಸಿನೊಳಗೆ ಇನ್ನೊಂದು ಕಾರಣವಿದೆ. ಬುಕ್ ಎಂಬುದಕ್ಕೆ ಬುಕ್ಸ್ ಆದರೆ ಫುಟ್ ಎಂಬುದಕ್ಕೆ ಫೀಟ್ ಯಾಕೆ? ಚೈಲ್ಡ್ ಎಂದವನು ಚೈಲ್ಡ್ರನ್ ಎಂದರೆ ನಗುವುದು ಯಾಕೆ? ಇದಕ್ಕೆ ನೀತಿನಿಯಮವಿಲ್ಲ, ಇದು ಸಾಹೇಬರ ಮರ್ಜಿ, ನಮ್ಮಂಥವರ ತಲೆಗೆ ಹತ್ತುವುದಲ್ಲ ಎಂದು ಬೇಸತ್ತು ಪುಸ್ತಕ ಮುಚ್ಚುತ್ತಾರೆ.

ಮರ್ಜಿಯಲ್ಲ ಎಂದು ಹೇಳುವುದಕ್ಕೇ ನಾನಿಲ್ಲಿ ನಿಂತಿದ್ದೇನೆ. ನಾನು ಓದಿದ್ದು ಏಳನೆಯ ತರಗತಿ. ಉಳಿದದ್ದು ಮೋರಿ, ಮೇಜು, ಗಲ್ಲಾ ಕಲಿಸಿದ್ದು. ಆದರೂ ಈ ವಿಷಯ ನನಗೆ ಅರ್ಥವಾಯಿತು, ಯಾಕೆಂದರೆ ಇದರ ಅರ್ಧ ಸಾಕ್ಷಿ ನಮ್ಮ ಬಾಯಲ್ಲೇ ಇದೆ.

ಅಡಿಗೆಮನೆಯಿಂದಲೇ ಸುರುಮಾಡೋಣ. ನಾವು ಚಟ್ನಿ ಪುಡಿ ಎನ್ನುತ್ತೇವೆ. ಪಕ್ಕದಲ್ಲಿ ನಿಂತ ತಮಿಳು ಅಡಿಗೆಯವನು ಅದನ್ನೇ ಪೊಡಿ ಎನ್ನುತ್ತಾನೆ. ಅವನ ಎಲಿ ನಮಗೆ ಇಲಿ. ಅವನ ಸೆವಿ ನಮಗೆ ಕಿವಿ. ಗಮನಿಸಿ, ಮೂರರಲ್ಲೂ ಕೊನೆಗೆ ಇಕಾರವಿದೆ. ನಾಲಿಗೆ ಮುಂದೆ ಬರುವ ಇಕಾರಕ್ಕೆ ಮೊದಲೇ ಮೇಲೆದ್ದು ತಯಾರಾಗುತ್ತದೆ. ಆ ಅವಸರದಲ್ಲಿ ಒಕಾರ ಉಕಾರವಾಗುತ್ತದೆ, ಎಕಾರ ಇಕಾರವಾಗುತ್ತದೆ. ಎರಡು ಮೇಜು ಆಚೆಯ ಗಿರಾಕಿಯ ಮೇಲೆ ಕಣ್ಣಿಟ್ಟ ಮಾಣಿ ಈಚೆಯ ಮೇಜಿಗೆ ಲೋಟವನ್ನು ಓರೆಯಾಗಿ ಇಡುವುದಿಲ್ಲವೆ, ಹಾಗೆ.

ಇಂಗ್ಲಿಷಿನಲ್ಲಿ ಆದದ್ದೂ ಇಂಥದ್ದೇ. ಬಹಳ ಹಿಂದೆ, ಕ್ರಿ.ಶ. 700ಕ್ಕೂ ಮುಂಚೆ, ಅವರ ಪೂರ್ವಿಕರು ಒಂದು ಪಾದಕ್ಕೆ ಫೋಟ್ ಎನ್ನುತ್ತಿದ್ದರು. ಹಲವು ಪಾದಗಳಿಗೆ ಕೊನೆಯಲ್ಲಿ ಇಕಾರ ಸೇರಿಸಿ ಸುಮಾರಾಗಿ ಫೋಟಿ ಎನ್ನುತ್ತಿದ್ದರು. ಆ ಇಕಾರವು ಹಿಂದಿನ ಓಕಾರವನ್ನು ತನ್ನ ಕಡೆಗೆ ಎಳೆದು ಕಡೆಗೆ ಏಕಾರ ಮಾಡಿತು. ಆಮೇಲೆ ಆ ಇಕಾರ ಉದುರಿಹೋಯಿತು. ಉಳಿದದ್ದು ಫೋಟ್ ಮತ್ತು ಫೇಟ್. ನಮ್ಮ ಪುಡಿಯಲ್ಲಿ ಎಳೆದವನು ಇನ್ನೂ ಮನೆಯೊಳಗೇ ಕೂತಿದ್ದಾನೆ. ಅವರ ಫೀಟಿನಲ್ಲಿ ಅವನು ಓಡಿಹೋಗಿದ್ದಾನೆ, ಹೆಜ್ಜೆ ಗುರುತು ಮಾತ್ರ ಇದೆ. ಅದಕ್ಕೇ ಅದು ನಿಯಮವಿಲ್ಲದ ಹಾಗೆ ಕಾಣುವುದು. ಮ್ಯಾನ್-ಮೆನ್, ಟೂತ್-ಟೀತ್, ಗೂಸ್-ಗೀಸ್, ಮೌಸ್-ಮೈಸ್ ಎಲ್ಲ ಇದೇ ಗುಂಪಿನವು. ಬಹುವಚನ ಮಾತ್ರವಲ್ಲ. ಫುಲ್ ಇದ್ದದ್ದು ತುಂಬುವಾಗ ಫಿಲ್, ಫುಡ್ ಕೊಡುವಾಗ ಫೀಡ್, ಬ್ಲಡ್ ಸುರಿಯುವಾಗ ಬ್ಲೀಡ್, ಲಾಂಗ್‌ನಿಂದ ಲೆಂಗ್ತ್. ನೀವು ಗಿರಾಕಿಗೆ ಸ್ಟ್ರಾಂಗ್ ಚಹಾ ಎಂದು ಕೂಗುತ್ತೀರಲ್ಲ, ಸಂಘದ ಸ್ಟ್ರೆಂಗ್ತ್ ಹುಟ್ಟಿದ್ದು ಅದರಿಂದಲೇ!

ಎರಡನೆಯ ಕಾರಣ ದೊಡ್ಡದು. ಸುಮಾರು 1400ರಿಂದ 1700ರವರೆಗೆ ಇಂಗ್ಲೆಂಡಿನ ಜನರ ಬಾಯಲ್ಲಿ ದೀರ್ಘಸ್ವರಗಳೆಲ್ಲ ಸ್ಥಳ ಬದಲಾಯಿಸಿದವು. ಯೆಸ್ಪರ್ಸನ್ ಎಂಬ ಡೆನ್ಮಾರ್ಕಿನ ಪಂಡಿತರು ಇದಕ್ಕೆ ಸ್ವರಗಳ ಮಹಾಪಲ್ಲಟ ಎಂಬ ಅರ್ಥದ ಹೆಸರಿಟ್ಟರು. ಒಂದು ಚಾಳನ್ನು ನೆನೆಯಿರಿ. ಕೆಳಗಿನ ಮಾಳಿಗೆಯಲ್ಲಿ ಆಕಾರ, ನಡುವೆ ಏಕಾರ, ಮೇಲೆ ಈಕಾರ. ಎಲ್ಲರೂ ಒಂದೊಂದು ಮಾಳಿಗೆ ಮೇಲಕ್ಕೆ ಹೋದರು. ಕೆಳಗಿನವನು ನಡುವಿಗೆ, ನಡುವಿನವನು ಮೇಲಕ್ಕೆ. ತೀರ ಮೇಲಿದ್ದ ಈಕಾರಕ್ಕೆ ಹೋಗಲು ಜಾಗವಿಲ್ಲದೆ ಅದು ಒಡೆದು ಐಕಾರವಾಯಿತು. ಇನ್ನೊಂದು ಕಡೆಯ ಮೆಟ್ಟಿಲಲ್ಲಿ ಓಕಾರ ಊಕಾರವಾಯಿತು, ಊಕಾರ ಔಕಾರವಾಯಿತು. ಫೇಟ್ ಇದ್ದದ್ದು ಫೀಟ್ ಆದದ್ದು, ಹೂಸ್ ಇದ್ದದ್ದು ಹೌಸ್ ಆದದ್ದು ಆಗಲೇ. ಈಗಿನ ನೇಮ್ ಎಂಬ ಮಾತನ್ನು ಅದಕ್ಕೆ ಮುಂಚೆ ಹೆಚ್ಚುಕಡಿಮೆ ನಮ್ಮ ನಾಮದಂತೆಯೇ ಉಚ್ಚರಿಸುತ್ತಿದ್ದರು.

ಹ್ರಸ್ವಸ್ವರಗಳು ಮಾತ್ರ ಬಹುಮಟ್ಟಿಗೆ ಇದ್ದಲ್ಲೇ ಉಳಿದವು. ತೊಡಕಿನ ಗಂಟು ಇಲ್ಲಿದೆ. ಮೂಲ ಪದದಲ್ಲಿ ದೀರ್ಘ, ಅದಕ್ಕೆ ಬಾಲ ಸೇರಿದಾಗ ಹ್ರಸ್ವ ಎಂಬ ಪದ್ಧತಿ ಅವರಲ್ಲಿ ಮೊದಲೇ ಇತ್ತು. ನಮ್ಮಲ್ಲಿ ಇಲ್ಲವೆ? ಅಕ್ಕಿ ಬೇಯುತ್ತದೆ, ಆಮೇಲೆ ಬೆಂದಿತು. ಕಾಣುವವನು ಕಂಡ, ಬೀಳುವವನು ಬಿದ್ದ, ಏಳುವವನು ಎದ್ದ. ಗಲ್ಲಾದಲ್ಲಿ ಎಣಿಸುವಾಗ ಮೂರು-ಮುವತ್ತು, ಆರು-ಅರವತ್ತು, ಏಳು-ಎಪ್ಪತ್ತು. ಕನ್ನಡಕ್ಕೂ ಇಂಗ್ಲಿಷಿಗೂ ನೆಂಟಸ್ತಿಕೆಯಿಲ್ಲ, ಒಂದರಿಂದ ಇನ್ನೊಂದು ಕಲಿತದ್ದೂ ಅಲ್ಲ. ಪದ ಉದ್ದವಾದಾಗ, ವ್ಯಂಜನಗಳು ಒತ್ತಾಗಿ ಬಂದಾಗ ದೀರ್ಘ ಕುಗ್ಗುವುದು ಎರಡು ಕಡೆಯೂ ಕಾಣುತ್ತದೆ, ಅಷ್ಟೆ. ನಮ್ಮಲ್ಲಿ ಕುಗ್ಗಿದ ಸ್ವರ ಅದೇ ಸ್ವರವೆಂದು ಕಿವಿಗೆ ಗೊತ್ತಾಗುತ್ತದೆ. ಅವರಲ್ಲಿ ದೀರ್ಘಗಳು ಮಾಳಿಗೆ ಹತ್ತಿಹೋದದ್ದರಿಂದ ಅಣ್ಣತಮ್ಮಂದಿರ ಗುರುತೇ ಸಿಕ್ಕದಾಯಿತು. ಫೈವ್-ಫಿಫ್ಟಿ, ವೈಸ್-ವಿಸ್ಡಂ, ಕೀಪ್-ಕೆಪ್ಟ್, ಸ್ಲೀಪ್-ಸ್ಲೆಪ್ಟ್, ನೇಷನ್-ನ್ಯಾಷನಲ್. ದಿಕ್ಕು ಸೌತ್, ರೈಲ್ವೆ ಮಾತ್ರ ಸದರ್ನ್. ಚೈಲ್ಡ್ ಎಂಬಲ್ಲಿ ಕೊನೆಯ ಎರಡು ವ್ಯಂಜನಗಳ ಮುಂದೆ ಸ್ವರ ಹಿಂದೆಯೇ ದೀರ್ಘವಾಗಿತ್ತು. ಮೂರು ವ್ಯಂಜನ ಒಟ್ಟಾಗಿ ಬರುವ ಚಿಲ್ಡ್ರನ್‌ನಲ್ಲಿ ಆಗಲಿಲ್ಲ. ದೀರ್ಘವಾದದ್ದು ಐಕಾರಕ್ಕೆ ಹೋಯಿತು, ಹ್ರಸ್ವ ಇದ್ದಲ್ಲಿಯೇ ಉಳಿಯಿತು.

ಕಾಗದದ ಮೇಲೆ ಎರಡಕ್ಕೂ ಅದೇ ಅಕ್ಷರ ಯಾಕೆ ಎಂದರೆ, ಕ್ಯಾಕ್ಸ್‌ಟನ್ ಎಂಬವರು 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಕೂಟ ತಂದರು. ಉಚ್ಚಾರ ಇನ್ನೂ ಬದಲಾಗುತ್ತಿರುವಾಗಲೇ ಬರವಣಿಗೆ ಗಟ್ಟಿಯಾಗತೊಡಗಿತು.

ಇದರಿಂದ ನಮಗೇನು ಎನ್ನುವವರಿಗೆ ಒಂದು ಸಂಗತಿ. ನಾನು ಮಾಣಿಯಾಗಿದ್ದ ಹೋಟೆಲೊಂದರಲ್ಲಿ ನಾಲ್ಕೂವರೆ ವರ್ಷ ದುಡಿದ ಒಬ್ಬ ಅಡಿಗೆಯವರು ತಂಗಿಯ ಮದುವೆಗೆಂದು ತಿಂಗಳ ರಜೆ ಕೇಳಿದರು. ಮಸ್ಟರಿನಲ್ಲಿ ಅವರ ಹೆಸರಿನ ಮುಂದೆ ಲೆಫ್ಟ್ ಎಂದು ಬರೆದು, ಇದು ನಿಮ್ಮ ರಜೆಯದ್ದು ಎಂದು ಹೇಳಿ ಸಹಿ ಹಾಕಿಸಿಕೊಂಡರು. ಲೀವ್ ಎಂದರೆ ರಜೆ ಎಂಬುದು ಅವರಿಗೆ ಗೊತ್ತಿತ್ತು. ಲೆಫ್ಟ್ ಎಂದರೆ ಕೆಲಸ ಬಿಟ್ಟ ಎಂಬುದು ಗೊತ್ತಿರಲಿಲ್ಲ. ಊರಿಂದ ಮರಳಿದಾಗ ಕೆಲಸ ಕೊಟ್ಟರು, ಹೊಸಬರೆಂದು. ಗ್ರಾಚ್ಯುಟಿಗೆ ಸತತ 5 ವರ್ಷದ ಸೇವೆ ಬೇಕೆಂದು 1972ರ ಕಾಯಿದೆ ಹೇಳಿತ್ತು. ನಾಲ್ಕೂವರೆ ವರ್ಷ ಒಂದು ಸ್ವರದೊಳಗೆ ಮುಳುಗಿತು.

ಆದುದರಿಂದ ಕೇಳಿಕೊಳ್ಳಿ: ರಜೆಯ ಲೀವ್ ಬೇರೆ, ಬಿಡುವ ಲೀವ್ ಬೇರೆ, ಹುಟ್ಟಿನಿಂದಲೇ ಎರಡು ಪದಗಳು. ಎರಡನೆಯದರ ಭೂತಕಾಲವೇ ಲೆಫ್ಟ್. ಕೀಪ್ ಕೆಪ್ಟ್ ಆದ ಹಾಗೆ ಅಲ್ಲಿಯೂ ದೀರ್ಘ ಕುಗ್ಗಿದೆ. ನಿಮ್ಮ ಹೆಸರಿನ ಮುಂದೆ ಆ ಪದ ಕಂಡರೆ ಸಹಿ ಹಾಕಬೇಡಿ, ಸಂಘಕ್ಕೆ ಬನ್ನಿ.

ಸಿಂಗ್-ಸ್ಯಾಂಗ್-ಸಂಗ್, ಡ್ರಿಂಕ್-ಡ್ರ್ಯಾಂಕ್-ಡ್ರಂಕ್ ಇವು ಇನ್ನೂ ಹಳೆಯವು. 1786ರಲ್ಲಿ ಕಲಕತ್ತೆಯಲ್ಲಿ ವಿಲಿಯಂ ಜೋನ್ಸ್ ಎಂಬ ನ್ಯಾಯಾಧೀಶರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವೆಂದು ಹೇಳಿದರು. ಇಂಗ್ಲಿಷೂ ಆ ಕುಟುಂಬದ್ದೇ. ಆ ಮೂಲಭಾಷೆಯಲ್ಲೇ ಧಾತುವಿನ ಸ್ವರ ಬದಲಿಸುವ ರೂಢಿಯಿತ್ತು. ಸಂಸ್ಕೃತದಿಂದ ನಾವು ಪಡೆದ ವಿದ್ಯೆ-ವೇದ, ಯುಕ್ತ-ಯೋಗ ಇವುಗಳಲ್ಲಿ ಅದೇ ಕಾಣುತ್ತದೆ. ಆಗಲೇ ನಿಮ್ಮನ್ನು ಬಂಧುಗಳೇ ಎಂದೆನಲ್ಲ, ಕಟ್ಟುವುದಕ್ಕೆ ಅವರೆನ್ನುವ ಬೈಂಡ್, ಬೌಂಡ್ ಅದೇ ಧಾತುವಿನ ಮಕ್ಕಳು.

ಇಷ್ಟಾದರೂ ಈ ಹಳೆಯ ರೂಪಗಳೆಲ್ಲ ಬದುಕಿ ಉಳಿಯಲಿಲ್ಲ. ಬುಕ್ಕಿನ ಬಹುವಚನ ಒಂದು ಕಾಲದಲ್ಲಿ ಬೇಚ್ ಎಂದಿತ್ತು. ಅದು ಮುಂದುವರಿದಿದ್ದರೆ ಇಂದು ಬೀಚ್ ಎನ್ನಬೇಕಾಗಿತ್ತು. ಹೆಲ್ಪ್ ಎಂಬುದರ ಭೂತಕಾಲವಾಗಿ ಹೋಲ್ಪ್ ನಡೆಯುತ್ತಿತ್ತು. ಉಳಿದ ಪದಗಳಂತೆ ಇದಕ್ಕೂ ಬಾಲ ಹಚ್ಚೋಣ ಎಂದು ಜನರು ಬುಕ್ಸ್, ಹೆಲ್ಪ್ಡ್ ಎಂದು ಹೇಳುತ್ತ ಹೋದರು, ಅದೇ ಶುದ್ಧವೆನಿಸಿತು. ತರಗತಿಯಲ್ಲಿ ಫುಟ್ಸ್ ಎಂದವನನ್ನು ನೋಡಿ ನಗುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಗೋ ಎಂಬುದು ವೆಂಟ್ ಆದದ್ದು ಮಾತ್ರ ಈ ಯಾವ ಲೆಕ್ಕಕ್ಕೂ ಸೇರದು. ಅದು ವೆಂಡ್ ಎಂಬ ಬೇರೊಂದು ಕ್ರಿಯಾಪದದ ಮನೆಯಿಂದ ಬಂದು ಇಲ್ಲಿ ನೆಲೆಸಿದ ಮಾತು. ಅದನ್ನು ಬುಧವಾರದ ತರಗತಿಗೆ ಇಟ್ಟುಕೊಂಡಿದ್ದೇವೆ. ಪಾಳಿ ಮುಗಿಸಿ ಹತ್ತೂವರೆಗೆ ಬಂದರೂ ಸರಿಯೆ, ಬಾಗಿಲು ತೆರೆದಿರುತ್ತದೆ.