ಲವಂಗ ಎಲ್ಲಿದೆ, ಕರಿಯಾ?

ಮಕ್ಕಳೇ, ನಿಮ್ಮ ಮನೆಯ ನಾಯಿ ಜಗುಲಿಯ ಮೇಲೆ ನಿಮ್ಮ ಪಕ್ಕ ಬಂದು ಕೂತಾಗ ಅದರ ಮೂಗನ್ನು ಒಮ್ಮೆ ನಿಧಾನವಾಗಿ ನೋಡಿ. ಎರಡು ಹೊಳ್ಳೆಗಳಿವೆ, ನಮಗಿರುವ ಹಾಗೆಯೇ. ಆದರೆ ಅದರ ಹೊಳ್ಳೆ ದುಂಡಗೆ ಮುಗಿದುಹೋಗುವುದಿಲ್ಲ. ಒಂದೊಂದು ಹೊಳ್ಳೆಯಿಂದಲೂ ಸಣ್ಣ ಸೀಳೊಂದು ಪಕ್ಕಕ್ಕೆ ಬಾಗಿಕೊಂಡು ಹೋಗಿರುತ್ತದೆ. ಕಂಡಿತೇ? ಇವತ್ತಿನ ನಮ್ಮ ಮಾತೆಲ್ಲ ಶುರುವಾಗುವುದು ಆ ಸೀಳಿನಿಂದಲೇ.

ನಾಯಿ ಮೂಸುವಾಗ ಗಾಳಿ ಹೊಳ್ಳೆಯ ಮುಂದಿನಿಂದ ಒಳಗೆ ಹೋಗುತ್ತದೆ, ಪಕ್ಕದ ಸೀಳಿನಿಂದ ಹೊರಗೆ ಬರುತ್ತದೆ. ನಾವಾದರೆ ಒಳಗೆಳೆದ ದಾರಿಯಲ್ಲೇ ಉಸಿರು ಬಿಡುತ್ತೇವೆ. ಹಾಗಾಗಿ ಮೂಗಿನ ಮುಂದಿದ್ದ ವಾಸನೆಯನ್ನು ನಾವೇ ಊದಿ ದೂರ ತಳ್ಳಿಬಿಡುತ್ತೇವೆ. ನಾಯಿಗೆ ಆ ತೊಂದರೆಯಿಲ್ಲ. ಒಂದು ಸೆಕೆಂಡಿಗೆ ಸುಮಾರು ಐದು ಸಲ ಅದು ಮೂಸಬಲ್ಲದು. ಇನ್ನು ಮೂಗಿನ ತುದಿಯ ಪಸೆ ಇದೆಯಲ್ಲ, ಅದಕ್ಕೂ ಕೆಲಸವುಂಟು. ತೇಲಿಬಂದ ವಾಸನೆ ಅಲ್ಲಿ ಅಂಟಿಕೊಳ್ಳುತ್ತದೆ.

ವಾಸನೆ ತೇಲಿ ಬರುವುದು ಎಂದರೇನು? ಲವಂಗವನ್ನೇ ತೆಗೆದುಕೊಳ್ಳಿ. ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಸದಾ ಕಳಚಿಕೊಂಡು ಗಾಳಿಗೆ ಸೇರುತ್ತಿರುತ್ತವೆ. ಅವು ಮೂಗಿನೊಳಗೆ ಹೋಗಿ ಅಲ್ಲಿರುವ ಪುಟ್ಟ ಪುಟ್ಟ ಗ್ರಾಹಕಗಳನ್ನು ಮುಟ್ಟಿದರೆ ‘ಇದು ಲವಂಗ’ ಎಂದು ಮಿದುಳಿಗೆ ಗೊತ್ತಾಗುತ್ತದೆ. ನಮ್ಮ ಮೂಗಿನಲ್ಲಿ ಇಂಥ ಗ್ರಾಹಕಗಳು ಸುಮಾರು 50-60 ಲಕ್ಷ ಇವೆ. ನಾಯಿಯಲ್ಲಿ? ಎಷ್ಟೋ ತಳಿಗಳಲ್ಲಿ 20 ಕೋಟಿಗೂ ಹೆಚ್ಚು!

ಈ ಮೂಗಿನಿಂದ ಕಾಡು ಕಾಯುವ ಕೆಲಸ ಮಾಡಿದ ನಾಯಿಯೊಂದು ನಮ್ಮ ಹತ್ತಿರದಲ್ಲೇ ಇತ್ತು. ಬೀಚನಹಳ್ಳಿಯ ಕಬಿನಿ ಹಿನ್ನೀರಿನ ಒಂದು ಮಗ್ಗುಲಿಗೆ ನಾಗರಹೊಳೆ ಕಾಡು, ಇನ್ನೊಂದು ಮಗ್ಗುಲಿಗೆ ಬಂಡೀಪುರದ ಕಾಡು. ಆ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಜೊತೆ ವರ್ಷಗಟ್ಟಲೆ ದುಡಿದವನು ರಾಣಾ ಎಂಬ ಜರ್ಮನ್ ಶೆಫರ್ಡ್. 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ಕಡೆ ಜನರನ್ನು ಕೊಂದ ಹುಲಿಯನ್ನು ಹುಡುಕಲು ಹೊರಟಾಗ ಆನೆಗಳ ಜೊತೆ ರಾಣಾನೂ ಇದ್ದ. ಟ್ರಾಫಿಕ್ ಎಂಬ ವನ್ಯಜೀವಿ ಸಂಸ್ಥೆ ನಮ್ಮ ದೇಶದ ಅರಣ್ಯ ಇಲಾಖೆಗಳಿಗಾಗಿ 2008ರಿಂದ ಇಂಥ ನಾಯಿಗಳಿಗೆ ತರಬೇತಿ ಕೊಡಿಸುತ್ತಿದೆ. ಹುಲಿಯ ಮೂಳೆ, ಚಿರತೆಯ ಚರ್ಮ ಇವುಗಳ ವಾಸನೆಯನ್ನು ಅವು ಕಲಿಯುತ್ತವೆ. ಕಳ್ಳರು ಚೀಲದಲ್ಲೋ ಗಾಡಿಯಲ್ಲೋ ಬಚ್ಚಿಟ್ಟದ್ದನ್ನು ಕಂಡುಹಿಡಿಯುತ್ತವೆ. ಒಂದೊಂದು ನಾಯಿಗೂ ಇಬ್ಬರು ಜೊತೆಗಾರರು ಇರುತ್ತಾರೆ.

ನಿಮ್ಮ ನಾಯಿ ಹುಲಿ ಹುಡುಕಬೇಕಾಗಿಲ್ಲ. ಲವಂಗ ಹುಡುಕಿದರೆ ಸಾಕು. ಅದರ ಹೆಸರು ಕರಿಯ ಎಂದಿಟ್ಟುಕೊಳ್ಳೋಣ. ಒಂದೇ ಥರದ ಮೂರು ಸಣ್ಣ ತಗಡಿನ ಡಬ್ಬಿ ಹುಡುಕಿ, ಮುಚ್ಚಳಕ್ಕೆ ಅಪ್ಪನ ಕೈಲೋ ಅಜ್ಜನ ಕೈಲೋ ಮೊಳೆಯಿಂದ ತೂತು ಹೊಡೆಸಿ. ಒಂದರಲ್ಲಿ ನಾಲ್ಕಾರು ಲವಂಗ ಹಾಕಿ ಭದ್ರವಾಗಿ ಮುಚ್ಚಿ, ಉಳಿದೆರಡು ಖಾಲಿ ಇರಲಿ. ಲವಂಗದ ಎಣ್ಣೆ ಮಾತ್ರ ಬೇಡ, ಅದು ನಾಯಿಗೆ ಒಳ್ಳೆಯದಲ್ಲ. ಲವಂಗದ ಡಬ್ಬಿಯನ್ನು ಕರಿಯ ಮೂಸಿದ ತಕ್ಷಣ ಬೇಯಿಸಿದ ಮೊಟ್ಟೆಯ ಒಂದು ಚೂರು ಕೊಡಿ. ಖಾಲಿ ಡಬ್ಬಿ ಮೂಸಿದರೆ ಏನೂ ಕೊಡಬೇಡಿ, ಗದರಲೂ ಬೇಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ಯಾವತ್ತೂ ಕೊಡಬಾರದು. ಇವು ನಾಯಿಗೆ ವಿಷ. ದಿನವೂ ಸ್ವಲ್ಪ ಹೊತ್ತು ಹೀಗೆ ಆಡಿದರೆ, ಈ ವಾಸನೆ ಸಿಕ್ಕಿದರೆ ಮೊಟ್ಟೆ ಸಿಗುತ್ತದೆ ಎಂಬ ಲೆಕ್ಕ ಕರಿಯನ ತಲೆಗೆ ಹೋಗುತ್ತದೆ. ಆಮೇಲೆ ಡಬ್ಬಿಗಳನ್ನು ಬಾಗಿಲ ಸಂದಿಯಲ್ಲಿ, ಒರಳುಕಲ್ಲಿನ ಹಿಂದೆ ಇಟ್ಟು ‘ಹುಡುಕು’ ಎನ್ನಿ.

ಒಂದು ಗುಟ್ಟು ಹೇಳುತ್ತೇನೆ. ಮೂರು ಡಬ್ಬಿಗಳನ್ನೂ ಸಮನಾಗಿ ಮುಟ್ಟಿ. ಲವಂಗದ ಡಬ್ಬಿಯನ್ನಷ್ಟೇ ಮುಟ್ಟಿದರೆ ಕರಿಯ ಲವಂಗ ಬಿಟ್ಟು ನಿಮ್ಮ ಕೈಯ ವಾಸನೆ ಹುಡುಕಿಕೊಂಡು ಹೋಗುತ್ತಾನೆ. ಗೆದ್ದೆ ಎಂದು ನೀವು ಕುಣಿಯುತ್ತೀರಿ, ಅವನು ಕಲಿತದ್ದೇ ಬೇರೆ ಆಗಿರುತ್ತದೆ!

ಮನೆಯಲ್ಲಿ ಹೀಗೆ ಪಳಗಿದ ಕರಿಯನನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ ‘ಹುಡುಕು’ ಎಂದರೆ ಏನಾಗುತ್ತದೆ ಗೊತ್ತೇ? ಏನೂ ಆಗುವುದಿಲ್ಲ. ಕರಿಯ ನಿಮ್ಮ ಮುಖವನ್ನೇ ನೋಡುತ್ತಾನೆ, ಇಲ್ಲವೇ ಬೋಂಡದಂಗಡಿ ಕಡೆ ಹಗ್ಗ ಎಳೆಯುತ್ತಾನೆ. ದೊಡ್ಡವರು ‘ದಡ್ಡ ನಾಯಿ’ ಎಂದು ನಕ್ಕುಬಿಡುತ್ತಾರೆ. ನನ್ನ ಪ್ರಕಾರ ದಡ್ಡತನ ನಾಯಿಯದಲ್ಲ. ನಾಯಿ ಒಂದು ಪಾಠವನ್ನು ಅದು ಕಲಿತ ಜಾಗದ ಜೊತೆ ಕಟ್ಟಿಹಾಕಿಕೊಂಡು ಕಲಿಯುತ್ತದೆ. ನಡುಮನೆಯ ಆಟ ಬಸ್ ನಿಲ್ದಾಣದಲ್ಲೂ ಇದೆ ಎಂದು ಅದಕ್ಕೆ ತಾನಾಗಿ ಹೊಳೆಯುವುದಿಲ್ಲ. ಜೊತೆಗೆ ಅಲ್ಲಿನ ವಾಸನೆಗಳ ಜಾತ್ರೆ ನೆನೆಸಿಕೊಳ್ಳಿ: ಡೀಸೆಲ್ ಹೊಗೆ, ಮೀನಿನ ಬುಟ್ಟಿ, ಬೇರೆ ನಾಯಿಗಳ ಗುರುತು, ಬ್ಯಾರನ್ ಎಂಬ ಒಣಗಿಸುವ ಮನೆಗಳಲ್ಲಿ ಹೊಗೆಸೊಪ್ಪು ಬೇಯುವ ಕಾಲವಾದರೆ ಊರಿಗೆಲ್ಲ ಹಬ್ಬಿದ ಅದರ ಘಾಟು.

ಅದಕ್ಕೇ ಮೆಟ್ಟಿಲು ಹತ್ತಿದ ಹಾಗೆ ಹೋಗಬೇಕು. ಮನೆಯೊಳಗೆ, ಆಮೇಲೆ ಹಿತ್ತಲು, ಆಮೇಲೆ ಬೀದಿ, ಆಮೇಲೆ ರಜಾ ದಿನದ ಶಾಲೆ ಮೈದಾನ. ಬಸ್ ನಿಲ್ದಾಣದಂಥ ಗಿಜಿಗುಡುವ ಜಾಗ ಕೊನೆಗಿರಲಿ. ಹೊಸ ಜಾಗಕ್ಕೆ ಹೋದಾಗಲೆಲ್ಲ ಆಟವನ್ನು ಮತ್ತೆ ಸುಲಭ ಮಾಡಿ, ಡಬ್ಬಿಯನ್ನು ಕಣ್ಣೆದುರೇ ಇಟ್ಟು ಶುರುಮಾಡಿ. ಮೊದಲು ಐದು ನಿಮಿಷ ಅವನು ಸುಮ್ಮನೆ ಸುತ್ತಲೂ ಮೂಸಿಕೊಳ್ಳಲಿ.

ಬಯಲಿನಲ್ಲಿ ಗಾಳಿ ಇನ್ನೊಂದು ಆಟ ಹೂಡುತ್ತದೆ. ದೇವರ ಮುಂದೆ ಹಚ್ಚಿದ ಊದುಬತ್ತಿಯ ಹೊಗೆ ನೋಡಿ: ಕಡ್ಡಿಯ ತುದಿಯಲ್ಲಿ ಎಳೆಯಾಗಿ ಹೊರಟು, ಮುಂದೆ ಹೋದಂತೆ ಅಗಲವಾಗಿ, ನಡುನಡುವೆ ತುಂಡಾಗಿ ಅಲೆಯುತ್ತದೆ. ಲವಂಗದ ವಾಸನೆಯೂ ಹೀಗೆಯೇ ಗಾಳಿ ಬೀಸಿದ ಕಡೆಗೆ ಹರಿಯುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ. ಗಾಳಿ ಯಾವ ಕಡೆಗೆಂದು ತಿಳಿಯಲು ಒಂದು ಚಿಟಿಕೆ ಹೊಟ್ಟು ಮೇಲಿಂದ ಉದುರಿಸಿ. ಕಣದಲ್ಲಿ ರಾಗಿ ತೂರುವವರು ನೋಡುವುದೂ ಇದನ್ನೇ. ಹೊಟ್ಟು ಯಾವ ಕಡೆ ಹಾರಿತೋ ಆ ಕಡೆಯಿಂದ ಕರಿಯನನ್ನು ಡಬ್ಬಿಯತ್ತ ಕರೆತನ್ನಿ, ಗಾಳಿ ಅವನ ಮುಖಕ್ಕೆ ಬಡಿಯಲಿ. ಬೆಳಗಿನ ತಂಪು ಹೊತ್ತೇ ಒಳ್ಳೆಯದು. ಬಿಸಿಲೇರಿದರೆ ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತದೆ. ಬಾಯಲ್ಲಿ ಏದುತ್ತ ಮೂಗಲ್ಲಿ ಚೆನ್ನಾಗಿ ಮೂಸುವುದು ಅದಕ್ಕೆ ಕಷ್ಟ.

ಈಗ ನನಗೆ ತುಂಬ ಇಷ್ಟವಾದ ಗಳಿಗೆ. ಅರಳಿಕಟ್ಟೆಯ ಕಲ್ಲುಸಂದಿಯಲ್ಲಿ ಡಬ್ಬಿ ಇದೆ ಎನ್ನಿ. ಕರಿಯ ಸಡಿಲ ಹಗ್ಗದಲ್ಲಿ ಕಟ್ಟೆಯ ಪಕ್ಕವೇ ನಡೆಯುತ್ತಾನೆ, ಡಬ್ಬಿಯನ್ನು ದಾಟಿ ಎರಡು ಹೆಜ್ಜೆ ಮುಂದೆಯೂ ಹೋಗುತ್ತಾನೆ. ಅಷ್ಟರಲ್ಲಿ ಯಾರೋ ಮೂಗು ಹಿಡಿದು ತಿರುಗಿಸಿದಂತೆ ತಲೆ ಸರಕ್ಕನೆ ಹಿಂದಕ್ಕೆ ಬರುತ್ತದೆ, ಮೈ ಆಮೇಲೆ ತಿರುಗುತ್ತದೆ. ತೆರೆದಿದ್ದ ಬಾಯಿ ಮುಚ್ಚುತ್ತದೆ. ಮೂಸುವ ಸದ್ದು ಚುರುಕಾಗುತ್ತದೆ. ಮೂಗು ಅತ್ತ ಇತ್ತ ಆಡಿ, ಆಡಿ, ಒಂದು ಸಂದಿಯಲ್ಲಿ ನಿಂತುಬಿಡುತ್ತದೆ. ಆಗ ಮಾತಾಡಬೇಡಿ, ಹಗ್ಗ ಎಳೆಯಬೇಡಿ. ಮೂಗು ಅಲ್ಲಿ ನಿಂತ ಕೂಡಲೇ ಮೊಟ್ಟೆ!

ಡಬ್ಬಿ ಬಚ್ಚಿಡುವ ಕೆಲಸವನ್ನು ಗೆಳೆಯರಿಗೆ ಕೊಡಿ, ಎಲ್ಲಿದೆಯೆಂದು ನಿಮಗೆ ಗೊತ್ತಾಗದಿರಲಿ. ಗೊತ್ತಿದ್ದರೆ ನಿಮ್ಮ ಕಣ್ಣು, ನಡಿಗೆ ಅವನಿಗೆ ಹೇಳಿಕೊಟ್ಟುಬಿಡುತ್ತವೆ. 2011ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದ್ದರು. ವಾಸನೆಯ ವಸ್ತು ಎಲ್ಲೂ ಇರಲಿಲ್ಲ, ಆದರೆ ಕೆಂಪು ಕಾಗದ ಇರುವಲ್ಲಿ ಅದಿದೆ ಎಂದು ನಾಯಿಯ ಜೊತೆಗಾರರಿಗೆ ಹೇಳಿದ್ದರು. ಅಷ್ಟಕ್ಕೇ ಜೊತೆಗಾರರಲ್ಲಿ ಹೆಚ್ಚಿನವರು ‘ನಾಯಿ ತೋರಿಸಿತು’ ಎಂದುಬಿಟ್ಟರು!

ಹೊರಗೆ ಹೋಗುವಾಗ ದೊಡ್ಡವರೊಬ್ಬರು ಜೊತೆಗಿರಲಿ, ಹಗ್ಗ ಬಿಚ್ಚಬೇಡಿ. ನಾಯಿಗೆ ರೇಬಿಸ್ ಲಸಿಕೆ ಹಾಕಿಸದೆ ಹೊರಡಲೇಬೇಡಿ. ಯಾರ ಜಾಗವೋ ಅವರನ್ನು ಕೇಳಿ. ಜನ ಓಡಾಡುವಲ್ಲಿ ಡಬ್ಬಿ ಬಿಟ್ಟು ಬರಬೇಡಿ, ಇದೇನು ಡಬ್ಬಿ ಎಂದು ಯಾರಾದರೂ ಹೆದರಿಯಾರು. ಕಾಡಿನಂಚಿಗೆ, ಹಿನ್ನೀರಿನ ದಡಕ್ಕೆ ಆಟ ಒಯ್ಯುವುದು ಬೇಡವೇ ಬೇಡ. ನಾಯಿಯೆಂದರೆ ಚಿರತೆಗೆ ಆಹಾರ, ಮುಸ್ಸಂಜೆ ಅದು ಬೇಟೆಗೆ ಹೊರಡುವ ಹೊತ್ತು.

ಹದಿನೈದು ನಿಮಿಷದ ಆಟ ಸಾಕು, ಮೂಸಿ ಮೂಸಿ ನಾಯಿಗೆ ದಣಿವಾಗುತ್ತದೆ. ನೀರು ಕುಡಿಸಿ ಮನೆಗೆ ಕರೆತನ್ನಿ. ಯಾವ ಜಾಗ, ಗಾಳಿ ಎತ್ತಲಿಂದ, ಡಬ್ಬಿ ಸಿಗಲು ಎಷ್ಟು ಹೊತ್ತಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದು ತಿಂಗಳಾದ ಮೇಲೆ ಆ ಪುಟಗಳನ್ನು ನಿಮ್ಮ ವಿಜ್ಞಾನದ ಮೇಷ್ಟ್ರಿಗೋ ಮಿಸ್ಸಿಗೋ ತೋರಿಸಿ.