ಅಂಟಕ್ಕಿಯ ನಂಟು

ಅಳುವ ಮಗುವಿನ ಕೈಗೆ ನೀವು ಏನು ಕೊಡುತ್ತೀರಿ? ಬೆಲ್ಲದ ಚೂರನ್ನೋ, ಕಡುಬಿನ ತುಂಡನ್ನೋ ಅಲ್ಲವೆ? ಫಿಲಿಪೀನ್ಸ್ ದ್ವೀಪಗಳ ತಾಯಿ ಕೊಡುವುದು ಅಂಟಕ್ಕಿಯ ಸಿಹಿತಿಂಡಿ. ಅಲ್ಲಿನ ಅಕ್ಕಿತಿಂಡಿಗಳಿಗೆಲ್ಲ 'ಕಕನಿನ್' ಎಂದು ಒಂದೇ ಹೆಸರು. ತಗಾಲೊಗ್ ಭಾಷೆಯಲ್ಲಿ 'ಕನಿನ್' ಎಂದರೆ ಅನ್ನ. ಅನ್ನದ ಹೆಸರೇ ತಿಂಡಿಯ ಹೆಸರಿನಲ್ಲಿ ಅಡಗಿದೆ.

ಈ ಅಕ್ಕಿ ಏಕೆ ಅಂಟುತ್ತದೆ? ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಎಂದು ಎರಡು ಬಗೆ. ಮೊದಲನೆಯದು ಹೆಚ್ಚಿದ್ದರೆ ಅನ್ನ ಉದುರುದುರಾಗುತ್ತದೆ. ಅಂಟಕ್ಕಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಬೆಂದ ಅಗುಳು ಪಕ್ಕದ ಅಗುಳನ್ನು ಬಿಡುವುದಿಲ್ಲ.

ಹೆಸರುಗಳನ್ನು ನೋಡಿ, ವ್ಯಾಕರಣ ಹೇಳುವ ನನ್ನಂಥವನಿಗೆ ಅವೇ ಒಂದು ಹಬ್ಬ. ಹಿಟ್ಟಿನ ಬಿಲ್ಲೆಯನ್ನು ಕುದಿಯುವ ನೀರಿಗೆ ಬಿಟ್ಟರೆ ಮುಳುಗಿ, ಬೆಂದ ಮೇಲೆ ತೇಲಿಬರುತ್ತದೆ. ಕಾಯಿತುರಿ, ಎಳ್ಳು, ಸಕ್ಕರೆಗಳಲ್ಲಿ ಹೊರಳಿಸಿ ತಿನ್ನುತ್ತಾರೆ. ಅದು 'ಪಲಿತಾವ್', 'ಲಿತಾವ್' ಎಂದರೆ ಮೇಲೆದ್ದು ತೋರುವುದು. ಬಣ್ಣಬಣ್ಣದ ಪದರಗಳದ್ದು 'ಸಪಿನ್-ಸಪಿನ್'. ನಮ್ಮ 'ಪದರುಪದರು' ಎಂಬಂತೆ ಅದೂ ದ್ವಿರುಕ್ತಿಯೇ. ಎಲೆಯಲ್ಲಿ ಸುತ್ತಿ ಬೇಯಿಸಿದ್ದು 'ಸುಮನ್'. ತೆಂಗಿನ ಹಾಲು, ಕಂದು ಸಕ್ಕರೆಗಳೊಡನೆ ಕಲಕಿ ಗಟ್ಟಿ ಮಾಡಿದ್ದು 'ಬಿಕೊ'. ತುಪ್ಪ ಕಾಸಿದಾಗ ತಳದಲ್ಲಿ ಗಸಿ ಉಳಿಯುವಂತೆ, ತೆಂಗಿನ ಹಾಲನ್ನು ಬತ್ತಿಸಿದಾಗಲೂ ಉಳಿಯುತ್ತದೆ. ಬಿಕೊದ ಮೇಲೆ ಅದನ್ನು ಉದುರಿಸುತ್ತಾರೆ.

ಡಿಸೆಂಬರ್ 16ರಿಂದ 24ರವರೆಗೆ ಅಲ್ಲಿ ಒಂಬತ್ತು ದಿನ ನಸುಕಿನಲ್ಲಿ ಇಗರ್ಜಿಯ ಪೂಜೆ. ನಿದ್ದೆಗಣ್ಣಿನ ಮಕ್ಕಳು ಅಮ್ಮನ ಸೆರಗೆಳೆಯುತ್ತ ಹೋಗುವುದು ಭಕ್ತಿಯೊಂದರಿಂದಲೇ ಎಂದು ತಿಳಿಯಬೇಡಿ! ಬಾಗಿಲ ಹೊರಗೆ 'ಬಿಬಿಂಕಾ' ಕಾದಿರುತ್ತದೆ. ಬಾಳೆಲೆ ಹಾಸಿದ ಮಣ್ಣಿನ ಪಾತ್ರೆಗೆ ರುಬ್ಬಿದ ಹಿಟ್ಟು ಹೊಯ್ದು, ಕೆಳಗೂ ಕೆಂಡ, ಮೇಲೂ ಕೆಂಡ ಇಟ್ಟು ಬೇಯಿಸುತ್ತಾರೆ. ಪಕ್ಕದಲ್ಲಿ ಬಿದಿರ ಕೊಳವೆಯಲ್ಲಿ ಹಬೆಯಾಡುವ ನೇರಳೆ ಬಣ್ಣದ 'ಪುತೊ ಬುಂಬೊಂಗ್'. ಬೆಳಗಿನ ಚಳಿಗೆ ಅದಕ್ಕಿಂತ ಕಂಬಳಿ ಬೇಕೆ?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೊಲ್ಲಿ ದೇಶದಲ್ಲಿ ದಾದಿ. ಅವಳೊಡನೆ ಕೋಣೆ ಹಂಚಿಕೊಂಡವಳು ಫಿಲಿಪೀನ್ಸಿನ ದಾದಿ. 1974ರ ಕಾರ್ಮಿಕ ಸಂಹಿತೆಯ ಕಾಲದಿಂದ ಆ ದೇಶದವರು ಹೊರನಾಡಿನ ದುಡಿಮೆಗೆ ದೊಡ್ಡ ಸಂಖ್ಯೆಯಲ್ಲಿ ಹೊರಟಿದ್ದಾರೆ. ಅವರಲ್ಲಿ ತಾಯಂದಿರೂ ಬಹಳ. ಈಕೆಯ ಏಳು ವರ್ಷದ ಮಗಳು ಊರಿನಲ್ಲಿ ಅಜ್ಜಿಯ ಬಳಿ ಇದ್ದಳು. ಒಂದು ಡಿಸೆಂಬರಿನಲ್ಲಿ ಮಗಳು ಫೋನಿನಲ್ಲಿ, "ಅಮ್ಮಾ, ಅಜ್ಜಿ ಬಿಕೊ ಮಾಡಿದ್ದಾಳೆ, ನಿನ್ನ ಪಾಲು ಎತ್ತಿಡಲೆ?" ಎಂದು ಕೇಳಿತಂತೆ. ಆಕೆ ಆ ರಾತ್ರಿಯೇ ಅಂಟಕ್ಕಿ ನೆನೆಹಾಕಿದಳು. ಅಳತೆ ಮರೆತಿತ್ತು. ತಾಯಿಯನ್ನು ಕೇಳಿದರೆ, "ಅಳತೆ ಏನು ಬಂತು? ಕಲಕುವ ಕೈ ಸೋಲಬೇಕು, ಆಗ ಇಳಿಸು" ಎಂದಳಂತೆ. ಅದನ್ನೇ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಂಡಳು. ಮರುದಿನ ನನ್ನ ಶಿಷ್ಯೆಗೂ ಒಂದು ತುಂಡು ಸಿಕ್ಕಿತು. "ಸಾರ್, ಅಡಿ ಹಿಡಿದಿತ್ತು. ಆದರೂ ಅವಳು ತಳ ಕೆರೆದು ತಿಂದಳು" ಎಂದು ಹೇಳಿದಳು.

ಇದನ್ನು ಕೇಳಿದ ದಿನ ನನಗೆ ನನ್ನ ತಾಯಿಯ ಅರಿಸಿನದೆಲೆಯ ಕಡುಬು ನೆನಪಾಯಿತು. ಅಳತೆಯನ್ನು ನಾನು ಎಂದೂ ಕೇಳಲಿಲ್ಲ. ಅಡುಗೆಮನೆ ಗಂಡಸರ ವಿಷಯವಲ್ಲ ಎಂದುಕೊಂಡಿದ್ದೆ. ಛಂದಸ್ಸಿನ ಮಾತ್ರೆಗಳನ್ನೆಲ್ಲ ಲೆಕ್ಕ ಹಾಕಿದವನಿಗೆ ಅವಳ ಕೈಯಳತೆ ದಕ್ಕಲಿಲ್ಲ. ಈಗ ಕೇಳೋಣವೆಂದರೆ ಅವಳಿಲ್ಲ.

ನಿಮ್ಮ ಮನೆಯಲ್ಲಿ ಕೇಳಬಹುದಾದವರು ಇನ್ನೂ ಇದ್ದರೆ, ಇಂದು ಸಂಜೆಯೇ ಒಲೆಯ ಪಕ್ಕ ಕುಳಿತು ಕೇಳಿಬಿಡಿ.